ಕಾಣದ ಕಿರಣವನ್ನು ಅಳೆದ ಸಂಗೀತ ಶಿಕ್ಷಕ: ವಿಲಿಯಂ ಹರ್ಷೆಲ್

ಬೆಳಕಿನ ಪಾಠ ಮಾಡುವಾಗ ಅವಕೆಂಪು ಕಿರಣಗಳ ಪ್ರಸ್ತಾಪ ಬಂದರೆ ವಿಲಿಯಂ ಹರ್ಷೆಲ್ ಅವರ ಹೆಸರೂ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ರೋಹಿತದಲ್ಲಿ ಕೆಂಪು ಬಣ್ಣದ ಆಚೆ ಉಷ್ಣಮಾಪಕ ಇಟ್ಟರು, ಪಾದರಸ ಏರಿತು, ಕಾಣದ ಕಿರಣ ಸಿಕ್ಕಿತು. ಅಭ್ಯಾಸ ಬೋಧನೆಗೆ ಬರೆಯುವ ಪಾಠ ಯೋಜನೆಗಳಲ್ಲಿಯೂ ಬಹುಮಟ್ಟಿಗೆ ಇಷ್ಟೇ ಇರುತ್ತದೆ. ಹೀಗೆ ಹೇಳಿದರೆ ಮಕ್ಕಳಿಗೆ ಅದೊಂದು ಅದೃಷ್ಟದ ಘಟನೆಯಂತೆ ಕಾಣುತ್ತದೆ. ಅದರ ಹಿಂದಿದ್ದ ಅಳತೆಯ ಶಿಸ್ತು ಕಾಣುವುದಿಲ್ಲ. ಅದರ ಮುಂದೆ ಆದ ತಪ್ಪು ತೀರ್ಮಾನವಂತೂ ಯಾರ ಪಾಠದಲ್ಲಿಯೂ ಬರುವುದಿಲ್ಲ.

ವಿಜ್ಞಾನ ಶಿಕ್ಷಕರಾಗುವವರಿಗೆ ಹೆಚ್ಚು ಉಪಯುಕ್ತವಾದದ್ದು ಆ ಬಿಟ್ಟುಹೋದ ಭಾಗವೇ. ಒಂದು ವಸ್ತುವಿನ ಮೇಲೆ ಬಿದ್ದ ಕಿರಣದಲ್ಲಿ ಎಷ್ಟು ಹಿಂದಿರುಗಿತು, ಎಷ್ಟು ಹಾದುಹೋಯಿತು ಎಂಬ ಎರಡು ಅಳತೆಗಳನ್ನು ಹರ್ಷೆಲ್ 1800ರಲ್ಲಿ ಕ್ರಮಬದ್ಧವಾಗಿ ಮಾಡಿದರು. ಇಂದು ಗೋಧಿಯ ಪ್ರೋಟೀನನ್ನೂ ಔಷಧ ಮಾತ್ರೆಯ ಗುಣಮಟ್ಟವನ್ನೂ ನೋಡುವ ಉಪಕರಣಗಳು ಇದೇ ಎರಡು ದಾರಿಗಳಲ್ಲಿ ಕೆಲಸ ಮಾಡುತ್ತವೆ. ಅವರ ಜೀವನವನ್ನು ಈ ಅಳತೆಗಳ ಕಡೆಯಿಂದ ನೋಡುವುದು ಈ ಲೇಖನದ ಉದ್ದೇಶ.

ಹನೋವರ್‌ನಿಂದ ಇಂಗ್ಲೆಂಡಿಗೆ

ಹರ್ಷೆಲ್ ಹುಟ್ಟಿದ್ದು 1738ರ ನವೆಂಬರ್ 15ರಂದು, ಜರ್ಮನಿಯ ಹನೋವರ್‌ನಲ್ಲಿ. ತಂದೆ ಐಸಾಕ್ ಸೈನ್ಯದ ವಾದ್ಯವೃಂದದಲ್ಲಿ ಓಬೋ ಎಂಬ ಊದುವ ವಾದ್ಯ ನುಡಿಸುತ್ತಿದ್ದರು. ಸಂಬಳ ಕಡಿಮೆ, ಮಕ್ಕಳು ಹೆಚ್ಚು. ಆದರೂ ಮನೆಯಲ್ಲಿ ಸಂಜೆಯ ಹೊತ್ತು ಸಂಗೀತದ ಜೊತೆಗೆ ನ್ಯೂಟನ್, ಲೈಬ್ನಿಟ್ಸ್ ಮೊದಲಾದವರ ವಿಚಾರಗಳ ಚರ್ಚೆಯೂ ನಡೆಯುತ್ತಿತ್ತು. ಸೈನಿಕರ ಮಕ್ಕಳ ಶಾಲೆಯಲ್ಲಿ ಕಲಿತ ವಿಲಿಯಂ 14ನೆಯ ವಯಸ್ಸಿಗೇ ತಂದೆಯಿದ್ದ ವಾದ್ಯವೃಂದ ಸೇರಿದರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವ ಅವಕಾಶ ಅವರಿಗೆ ಸಿಗಲಿಲ್ಲ.

1757ರಲ್ಲಿ ಫ್ರೆಂಚರೊಡನೆ ನಡೆದ ಹಾಸ್ಟನ್‌ಬೆಕ್ ಯುದ್ಧದಲ್ಲಿ ಹನೋವರ್ ಕಡೆಯವರು ಸೋತರು. ಆ ವರ್ಷವೇ ಹರ್ಷೆಲ್ ಅಣ್ಣನೊಡನೆ ಇಂಗ್ಲೆಂಡಿಗೆ ಹೋದರು. ಆಗ ವಯಸ್ಸು 19. ಲಂಡನ್ನಿನಲ್ಲಿ ಸಂಗೀತದ ಪ್ರತಿಗಳನ್ನು ನಕಲು ಮಾಡಿಕೊಟ್ಟು ಹೊಟ್ಟೆ ಹೊರೆದರು. ಬಳಿಕ ಉತ್ತರ ಇಂಗ್ಲೆಂಡಿನ ಊರುಗಳಲ್ಲಿ ವಾದ್ಯವೃಂದ ನಡೆಸಿದರು, ಕಛೇರಿ ಮಾಡಿದರು, ಪಾಠ ಹೇಳಿದರು. 1766ರಲ್ಲಿ ಬಾತ್ ನಗರದ ಆಕ್ಟಗನ್ ಚಾಪೆಲ್‌ನಲ್ಲಿ ಆರ್ಗನ್ ವಾದಕರ ಹುದ್ದೆ ಸಿಕ್ಕಿತು.

ಪಾಠ ಹೇಳುತ್ತ ಕಲಿತವರು

ಬಾತ್‌ನಲ್ಲಿ ಹರ್ಷೆಲ್ ಬೇಡಿಕೆಯಲ್ಲಿದ್ದ ಸಂಗೀತ ಶಿಕ್ಷಕರು. ವಾರಕ್ಕೆ 30ಕ್ಕೂ ಹೆಚ್ಚು ಪಾಠ ಹೇಳುವಷ್ಟು ಕೆಲಸವಿರುತ್ತಿತ್ತು. ಇಷ್ಟೆಲ್ಲ ಮುಗಿಸಿ ರಾತ್ರಿ ಓದಲು ಕೂರುತ್ತಿದ್ದರು. ಸ್ವರಗಳ ಹೊಂದಾಣಿಕೆಯ ಗಣಿತ ತಿಳಿಯಬೇಕೆಂದು ರಾಬರ್ಟ್ ಸ್ಮಿತ್ ಬರೆದ ಪುಸ್ತಕ ಓದಿದರು. ಅದೇ ಲೇಖಕರು ಬೆಳಕಿನ ಬಗ್ಗೆ ಬರೆದ ಪುಸ್ತಕ ಕೈಗೆ ಬಂತು. ಅದರಲ್ಲಿ ದೂರದರ್ಶಕ ಮಾಡುವ ವಿಧಾನವಿತ್ತು. ಹೀಗೆ ಸಂಗೀತದಿಂದ ಗಣಿತಕ್ಕೆ, ಗಣಿತದಿಂದ ಬೆಳಕಿಗೆ, ಬೆಳಕಿನಿಂದ ಆಕಾಶಕ್ಕೆ ಅವರ ಆಸಕ್ತಿ ಹರಿಯಿತು. ಒಂದು ವಿಷಯದ ಜ್ಞಾನ ಇನ್ನೊಂದಕ್ಕೆ ಬಾಗಿಲು ತೆರೆಯುತ್ತದೆಂದು ವಿಷಯ ಸಂಯೋಜನೆಯ ಪಾಠದಲ್ಲಿ ಹೇಳುತ್ತೇವೆ. ಅದಕ್ಕೆ ಇದು ಒಳ್ಳೆಯ ನಿದರ್ಶನ.

1772ರಲ್ಲಿ ತಂಗಿ ಕ್ಯಾರೊಲೈನ್ ಅವರನ್ನು ಹನೋವರ್‌ನಿಂದ ಕರೆತಂದರು. ಹಾಡಲು ಕಲಿಸಿದರು, ಇಂಗ್ಲಿಷ್ ಕಲಿಸಿದರು, ಲೆಕ್ಕ ಕಲಿಸಿದರು. ಬೆಳಗಿನ ಉಪಾಹಾರದ ಮೇಜಿನ ಮುಂದೆ ಅಣ್ಣ ಹೇಳಿಕೊಡುತ್ತಿದ್ದ ಪುಟ್ಟ ಪುಟ್ಟ ಪಾಠಗಳಿಂದಲೇ ಕ್ಯಾರೊಲೈನ್ ಖಗೋಳ ಗಣಿತಕ್ಕೆ ಬೇಕಾದಷ್ಟನ್ನು ಕಲಿತರು. ಮುಂದೆ ಹಲವು ಧೂಮಕೇತುಗಳನ್ನು ಸ್ವತಃ ಪತ್ತೆ ಮಾಡಿದರು. 1787ರಿಂದ ಅಣ್ಣನ ಸಹಾಯಕಿಯಾಗಿ ರಾಜನಿಂದ ವರ್ಷಕ್ಕೆ 50 ಪೌಂಡ್ ಸಂಬಳ ಪಡೆದರು.

ಹಿಂದಿರುಗುವ ಬೆಳಕಿನ ಲೆಕ್ಕ

ಒಳ್ಳೆಯ ದೂರದರ್ಶಕ ಕೊಳ್ಳುವಷ್ಟು ಹಣ ಇರಲಿಲ್ಲ. 1773ರಲ್ಲಿ ಹರ್ಷೆಲ್ ತಾವೇ ಕನ್ನಡಿ ಮಾಡಲು ತೊಡಗಿದರು. ಆಗಿನ ದೂರದರ್ಶಕದ ಕನ್ನಡಿ ಗಾಜಿನದಲ್ಲ. ತಾಮ್ರ, ತವರ ಬೆರೆಸಿ ಎರಕ ಹೊಯ್ದ ಲೋಹದ ಬಿಲ್ಲೆಯನ್ನು ಉಜ್ಜಿ ಹೊಳಪು ಕೊಡಬೇಕಿತ್ತು. ಒಮ್ಮೆ 16 ಗಂಟೆ ಕೈ ತೆಗೆಯದೆ ಉಜ್ಜಿದರಂತೆ. ಆಗ ಕ್ಯಾರೊಲೈನ್ ತುತ್ತು ಮಾಡಿ ಬಾಯಿಗಿಡಬೇಕಾಯಿತು.

ಎಷ್ಟೇ ಉಜ್ಜಿದರೂ ಲೋಹದ ಕನ್ನಡಿ ಬಿದ್ದ ಬೆಳಕನ್ನೆಲ್ಲ ಹಿಂದಿರುಗಿಸುವುದಿಲ್ಲ. ಎಷ್ಟು ನಷ್ಟವಾಗುತ್ತದೆಂದು ಹರ್ಷೆಲ್ ಅಳೆದರು. ದೂರದರ್ಶಕಗಳ ಶಕ್ತಿಯ ಬಗ್ಗೆ 1800ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ಬಿದ್ದ 1,00,000 ಕಿರಣಗಳಲ್ಲಿ ಒಂದು ಕನ್ನಡಿ 67,262ನ್ನು ಹಿಂದಿರುಗಿಸುತ್ತದೆ, ಎರಡು ಕನ್ನಡಿಗಳ ಬಳಿಕ 45,242 ಮಾತ್ರ ಉಳಿಯುತ್ತವೆ ಎಂಬ ಲೆಕ್ಕ ಕೊಟ್ಟರು. ಈ ಎರಡನೆಯ ಸಂಖ್ಯೆ ಹೇಗೆ ಬಂತೆಂದು ತರಗತಿಯಲ್ಲಿ ಕೇಳಬಹುದು. 0.67262ನ್ನು ಅದರಿಂದಲೇ ಗುಣಿಸಿದರೆ 0.45242 ಬರುತ್ತದೆ. ದೊಡ್ಡ ದೂರದರ್ಶಕಗಳಲ್ಲಿ ಅವರು ಎರಡನೆಯ ಕನ್ನಡಿಯನ್ನೇ ತೆಗೆದುಹಾಕಿ, ಮುಖ್ಯ ಕನ್ನಡಿಯನ್ನು ಸ್ವಲ್ಪ ಓರೆ ಮಾಡಿ, ಕೊಳವೆಯ ಬಾಯಿಯ ಅಂಚಿನಿಂದ ನೋಡುವ ವ್ಯವಸ್ಥೆ ಮಾಡಿಕೊಂಡರು. ಅವರಿಗೆ ಪ್ರತಿಫಲನವೆಂದರೆ ಪುಸ್ತಕದ ವ್ಯಾಖ್ಯೆಯಷ್ಟೇ ಆಗಿರಲಿಲ್ಲ, ಪ್ರತಿ ರಾತ್ರಿಯ ಲಾಭನಷ್ಟದ ಲೆಕ್ಕವಾಗಿತ್ತು.

1781ರ ಮಾರ್ಚ್ 13ರ ರಾತ್ರಿ, ಬಾತ್‌ನ ಮನೆಯ ಹಿತ್ತಲಿನಿಂದ ನೋಡುವಾಗ ಒಂದು ಕಾಯ ನಕ್ಷತ್ರದಂತೆ ಚುಕ್ಕಿಯಾಗಿರದೆ ಬಿಲ್ಲೆಯಂತೆ ಕಂಡಿತು. ಕೆಲವು ರಾತ್ರಿಗಳಲ್ಲಿ ಅದು ಜಾಗ ಬದಲಿಸಿತು. ಹರ್ಷೆಲ್ ಅದನ್ನು ಧೂಮಕೇತು ಎಂದು ವರದಿ ಮಾಡಿದರು. ಕಕ್ಷೆಯ ಲೆಕ್ಕ ಹಾಕಿದ ಇತರ ಖಗೋಳಜ್ಞರು ಅದು ಶನಿಯ ಆಚೆಯ ಹೊಸ ಗ್ರಹವೆಂದು ತೋರಿಸಿದರು. ಅದೇ ಯುರೇನಸ್. ಇಲ್ಲಿ ವೀಕ್ಷಣೆ ಪೂರ್ತಿ ಸರಿ, ಮೊದಲ ತೀರ್ಮಾನ ತಪ್ಪು. ಈ ಅಂಶ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಆ ವರ್ಷವೇ ರಾಯಲ್ ಸೊಸೈಟಿಯ ಕೋಪ್ಲಿ ಪದಕ ಬಂತು. 1782ರಲ್ಲಿ ಮೂರನೆಯ ಜಾರ್ಜ್ ರಾಜ ವರ್ಷಕ್ಕೆ 200 ಪೌಂಡ್ ಗೊತ್ತು ಮಾಡಿದ. ಸಂಗೀತದಿಂದ ಬರುತ್ತಿದ್ದುದಕ್ಕಿಂತ ಅದು ಕಡಿಮೆಯೇ. ಆದರೂ ಹರ್ಷೆಲ್ ಒಪ್ಪಿಕೊಂಡರು, ದೂರದರ್ಶಕಗಳನ್ನು ಮಾಡಿ ಮಾರಿ ಕೊರತೆ ತುಂಬಿಕೊಂಡರು. 1786ರಲ್ಲಿ ವಿಂಡ್ಸರ್ ಬಳಿಯ ಸ್ಲೋ ಊರಿನಲ್ಲಿ ನೆಲೆಸಿದರು. ಅಲ್ಲಿ 1789ರಲ್ಲಿ 40 ಅಡಿ ಉದ್ದದ ದೂರದರ್ಶಕ ಪೂರ್ಣಗೊಂಡಿತು.

ಬಣ್ಣದ ಗಾಜಿನಿಂದ ಹುಟ್ಟಿದ ಪ್ರಶ್ನೆ

ಸೂರ್ಯನನ್ನು ನೋಡುವಾಗ ಹರ್ಷೆಲ್ ಬಣ್ಣದ ಗಾಜುಗಳನ್ನು ಅಡ್ಡ ಹಿಡಿಯುತ್ತಿದ್ದರು. ಆಗ ಒಂದು ವಿಚಿತ್ರ ಗಮನಕ್ಕೆ ಬಂತು. ಕೆಲವು ಗಾಜುಗಳಲ್ಲಿ ಬೆಳಕು ತೀರ ಮಂದವಾದರೂ ಕಣ್ಣಿಗೆ ಬಿಸಿ ತಟ್ಟುತ್ತಿತ್ತು. ಬೇರೆ ಕೆಲವುಗಳಲ್ಲಿ ಬೆಳಕು ಹೆಚ್ಚಿದ್ದರೂ ಬಿಸಿ ಕಡಿಮೆ. ಹಾಗಾದರೆ ಬೇರೆ ಬೇರೆ ಬಣ್ಣದ ಕಿರಣಗಳು ಬೇರೆ ಬೇರೆ ಪ್ರಮಾಣದಲ್ಲಿ ಶಾಖ ತರುತ್ತವೆಯೇ? ಅವಕೆಂಪಿನ ಕಥೆ ಹೀಗೆ ಗಾಜಿನ ಮೂಲಕ ಹಾದುಬಂದ ಕಿರಣದಿಂದ ಶುರುವಾಯಿತು.

ಪಟ್ಟಕದ ಮೂಲಕ ಬಿಸಿಲು ಹಾಯಿಸಿ ಮೇಜಿನ ಮೇಲೆ ರೋಹಿತ ಬೀಳಿಸಿದರು. ಕಪ್ಪು ಬಳಿದ ಬುರುಡೆಯ ಉಷ್ಣಮಾಪಕಗಳನ್ನು ಬಳಸಿದರು. ಒಂದನ್ನು ಬಣ್ಣದಲ್ಲಿ ಇಟ್ಟು, ಉಳಿದವನ್ನು ಪಕ್ಕದಲ್ಲಿ ಕಿರಣ ಬೀಳದ ಕಡೆ ಇಟ್ಟರು. ಕೋಣೆಯ ಉಷ್ಣತೆಯೇ ಏರಿದರೆ ಪಕ್ಕದ ಉಷ್ಣಮಾಪಕಗಳೂ ಏರುತ್ತವೆ. ಅದನ್ನು ಕಳೆದರೆ ಬಣ್ಣದ ಪಾಲು ಮಾತ್ರ ಉಳಿಯುತ್ತದೆ. ಇಡೀ ಪ್ರಯೋಗದ ಪ್ರಾಣ ಇರುವುದು ಪಕ್ಕದಲ್ಲಿ ಸುಮ್ಮನೆ ಕೂತ ಈ ಉಷ್ಣಮಾಪಕಗಳಲ್ಲಿ. ಮಕ್ಕಳ ಚಿತ್ರಗಳಲ್ಲಿ ಬಿಟ್ಟುಹೋಗುವುದೂ ಇವೇ.

ಕೆಂಪಿನಲ್ಲಿ 6⅞, ಹಸಿರಿನಲ್ಲಿ 3¼, ನೇರಳೆಯಲ್ಲಿ 2 ಡಿಗ್ರಿ ಫ್ಯಾರನ್‌ಹೀಟ್ ಏರಿಕೆ ಸಿಕ್ಕಿತು. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು 3.8, 1.8, 1.1 ಡಿಗ್ರಿ. ಈ ಪ್ರಬಂಧವನ್ನು 1800ರ ಮಾರ್ಚ್ 27ರಂದು ರಾಯಲ್ ಸೊಸೈಟಿಯಲ್ಲಿ ಓದಲಾಯಿತು. ಏಪ್ರಿಲ್ 24ರಂದು ಓದಿದ ಎರಡನೆಯ ಪ್ರಬಂಧದಲ್ಲಿ ಕೆಂಪಿನ ಆಚೆಯ ಅಳತೆಗಳಿದ್ದವು. ಕೆಂಪಿನ ಅಂಚಿನಿಂದ ಅರ್ಧ ಅಂಗುಲ ದೂರದಲ್ಲಿ 6½, ಒಂದು ಅಂಗುಲದಲ್ಲಿ 5¼, ಒಂದೂವರೆ ಅಂಗುಲದಲ್ಲಿ 3⅛ ಡಿಗ್ರಿ ಏರಿಕೆ. ಈ ಸಂಖ್ಯೆಗಳನ್ನು ಮೊದಲ ಪ್ರಬಂಧದ ಸಂಖ್ಯೆಗಳ ಪಕ್ಕದಲ್ಲಿಟ್ಟು ನೇರವಾಗಿ ಹೋಲಿಸಬಾರದು. ಪ್ರಯೋಗ ಬೇರೆ, ಬಿಸಿಲು ಬೇರೆ. ಒಂದೇ ಪ್ರಯೋಗದ ಒಳಗಿನ ಅಳತೆಗಳನ್ನಷ್ಟೇ ಹೋಲಿಸಬಹುದು. ನೇರಳೆಯ ಆಚೆ ಅಂಥ ಏರಿಕೆ ಕಾಣಲಿಲ್ಲ. ಅತಿ ಹೆಚ್ಚು ಶಾಖ ಕೆಂಪಿನ ಸ್ವಲ್ಪ ಆಚೆ ಇದೆಯೆಂದು ಅವರು ನಿರ್ಧರಿಸಿದರು.

ಇಲ್ಲಿ ಶಿಕ್ಷಕರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಪಟ್ಟಕವು ನೇರಳೆ ಕಡೆಯ ಕಿರಣಗಳನ್ನು ಅಗಲವಾಗಿ ಹರಡುತ್ತದೆ, ಕೆಂಪು ಮತ್ತು ಅದರಾಚೆಯ ಕಿರಣಗಳನ್ನು ಒತ್ತೊತ್ತಾಗಿ ಕೂಡಿಸುತ್ತದೆ. ಆದ್ದರಿಂದ ಒಂದೇ ಗಾತ್ರದ ಬುರುಡೆಗೆ ಕೆಂಪಿನ ಆಚೆ ಹೆಚ್ಚು ತರಂಗದೂರಗಳ ಶಕ್ತಿ ಒಟ್ಟಿಗೆ ಬೀಳುತ್ತದೆ. ಉಷ್ಣಮಾಪಕ ಅಲ್ಲಿ ಹೆಚ್ಚು ಏರುವುದಕ್ಕೆ ಇದು ಮುಖ್ಯ ಕಾರಣ.

ಹಿಂದಿರುಗಿದ್ದು, ಹಾದುಹೋದದ್ದು

ಮೇ 15ರಂದು ಮೂರನೆಯ ಪ್ರಬಂಧ, ನವೆಂಬರ್ 6ರಂದು ನಾಲ್ಕನೆಯದು. ಆಗ ಅವರ ವಯಸ್ಸು 61. ಕಾಣದ ಕಿರಣವೂ ಕನ್ನಡಿಯಲ್ಲಿ ಪ್ರತಿಫಲಿಸುತ್ತದೆ, ಮಸೂರದಲ್ಲಿ ಬಾಗಿ ಒಂದೆಡೆ ಕೂಡುತ್ತದೆ ಎಂದು ಮೊದಲು ತೋರಿಸಿದರು. ಬಿಸಿಲಿನ ಜೊತೆಗೆ ಮೇಣದ ಬತ್ತಿ, ಒಲೆಯ ಬೆಂಕಿ, ಕಾದ ಕಬ್ಬಿಣ ಇವನ್ನೂ ಶಾಖದ ಮೂಲಗಳಾಗಿ ಬಳಸಿದರು.

ಆಮೇಲೆ ಬಂದದ್ದು ಹಾದುಹೋಗುವಿಕೆಯ ಅಳತೆ. ಒಂದು ಪೆಟ್ಟಿಗೆಗೆ ಒಂದೇ ಅಳತೆಯ ಎರಡು ರಂಧ್ರ, ಪ್ರತಿಯೊಂದರ ಕೆಳಗೆ ಒಂದು ಉಷ್ಣಮಾಪಕ. ಒಂದು ರಂಧ್ರ ತೆರೆದಿರುತ್ತದೆ, ಇನ್ನೊಂದರ ಮೇಲೆ ಪರೀಕ್ಷಿಸಬೇಕಾದ ವಸ್ತು. ಎರಡಕ್ಕೂ ಒಂದೇ ಹೊತ್ತಿನಲ್ಲಿ ಕೆಲವು ನಿಮಿಷ ಬಿಸಿಲು. ಉದಾಹರಣೆಗೆ ತೆರೆದ ಕಡೆ 6 ಡಿಗ್ರಿ ಏರಿ, ಮುಚ್ಚಿದ ಕಡೆ 4 ಡಿಗ್ರಿ ಏರಿದರೆ, ಸಾವಿರ ಪಾಲಿನಲ್ಲಿ ಸುಮಾರು 667 ಹಾದಿದೆ, 333 ನಿಂತಿದೆ ಎಂದರ್ಥ. ಹೀಗೆ ಬಣ್ಣವಿಲ್ಲದ ಗಾಜು, ಬಣ್ಣದ ಗಾಜು, ಬಾವಿಯ ನೀರು, ಸಮುದ್ರದ ನೀರು, ಮದ್ಯಸಾರ ಎಲ್ಲವನ್ನೂ ಪರೀಕ್ಷಿಸಿದರು. ಉಜ್ಜಿ ಒರಟು ಮಾಡಿದ ಗಾಜು, ಕಾಗದ, ಬಟ್ಟೆಗಳಂಥ ಚದುರಿಸುವ ವಸ್ತುಗಳನ್ನೂ ಬಿಡಲಿಲ್ಲ. ಬಣ್ಣದ ಕಾಗದ, ಬಟ್ಟೆ, ಲೋಹದ ಹಾಳೆಗಳಿಂದ ಚದುರಿ ಹಿಂದಿರುಗುವ ಶಾಖವನ್ನೂ ಬೆಳಕನ್ನೂ ಬೇರೆಯಾಗಿ ಅಳೆದರು. ಈ ಎಲ್ಲ ಪ್ರಯೋಗಗಳ ಸಂಖ್ಯೆ 200 ದಾಟಿತು.

ಫಲಿತಾಂಶದಲ್ಲಿ ಒಂದು ಅಂಶ ಮತ್ತೆ ಮತ್ತೆ ಎದುರಾಯಿತು. ಬೆಳಕಿನ ಅಳತೆಯಲ್ಲಿ ವಸ್ತುಗಳು ನಿಂತ ಕ್ರಮ ಒಂದು, ಶಾಖದ ಅಳತೆಯಲ್ಲಿ ನಿಂತ ಕ್ರಮ ಇನ್ನೊಂದು. ಗಾಢ ಕೆಂಪು ಗಾಜು ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ತಡೆದರೂ ಶಾಖದ ಗಣನೀಯ ಪಾಲನ್ನು ಬಿಟ್ಟುಕೊಟ್ಟಿತು. ಕಣ್ಣಿಗೆ ಕಪ್ಪಾಗಿ ಕಂಡದ್ದು ಉಷ್ಣಮಾಪಕಕ್ಕೂ ಕಪ್ಪಾಗಿರಬೇಕೆಂಬ ನಿಯಮವಿರಲಿಲ್ಲ.

ಸರಿ ಅಳತೆ, ತಪ್ಪು ತೀರ್ಮಾನ

ವರ್ಷದ ಆರಂಭದಲ್ಲಿ ಹರ್ಷೆಲ್ ಸರಿಯಾದ ಕಡೆಗೇ ಇದ್ದರು. ಶಾಖದ ಕಿರಣವೂ ಬೆಳಕೂ ಒಂದೇ ಬಗೆಯವು, ಕಣ್ಣಿಗೆ ಒಂದು ಮಿತಿಯ ಒಳಗಿನವು ಮಾತ್ರ ಕಾಣುತ್ತವೆ ಎಂಬ ಕಡೆಗೆ ಅವರ ಮನಸ್ಸು ವಾಲಿತ್ತು. ನೂರಾರು ಅಳತೆಗಳ ಬಳಿಕ, ನವೆಂಬರ್ ಹೊತ್ತಿಗೆ, ಅಭಿಪ್ರಾಯ ಬದಲಿಸಿದರು. ಒಂದೇ ಗಾಜು ಬೆಳಕನ್ನು ಒಂದು ಪ್ರಮಾಣದಲ್ಲಿ, ಶಾಖವನ್ನು ಇನ್ನೊಂದು ಪ್ರಮಾಣದಲ್ಲಿ ತಡೆಯುತ್ತದೆಂದರೆ ಅವೆರಡೂ ಬೇರೆ ಬೇರೆ ಕಿರಣಗಳೇ ಆಗಿರಬೇಕು ಎಂದು ತೀರ್ಮಾನಿಸಿದರು. ತರ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ತೀರ್ಮಾನ ತಪ್ಪು.

ಎಡವಿದ್ದು ಎಲ್ಲಿ? ಬೆಳಕನ್ನು ಅವರು ಕಣ್ಣಿನಿಂದ ಅಳೆದರು, ಶಾಖವನ್ನು ಉಷ್ಣಮಾಪಕದಿಂದ. ಕಣ್ಣು ರೋಹಿತದ ಒಂದು ಕಿರಿದಾದ ಪಟ್ಟಿಯನ್ನಷ್ಟೇ ಕಾಣುತ್ತದೆ. ಕಪ್ಪು ಬಳಿದ ಬುರುಡೆ ಕಾಣುವ ಕಿರಣವನ್ನೂ ಕಾಣದ ಕಿರಣವನ್ನೂ ಕೂಡಿಸಿ ತೆಗೆದುಕೊಳ್ಳುತ್ತದೆ. ಕೆಂಪು ಗಾಜು ಕಾಣುವ ಪಟ್ಟಿಯನ್ನು ತಡೆದು ಅವಕೆಂಪನ್ನು ಬಿಟ್ಟರೆ ಕಣ್ಣು ಒಂದು ಉತ್ತರ ಕೊಡುತ್ತದೆ, ಉಷ್ಣಮಾಪಕ ಇನ್ನೊಂದು. ಎರಡೂ ಉತ್ತರಗಳು ಸತ್ಯ. ಆದರೆ ಅವು ಒಂದೇ ಪ್ರಶ್ನೆಯ ಉತ್ತರಗಳಲ್ಲ. ಒಂದೇ ಬಣ್ಣದ ಒಳಗೆ ಪರೀಕ್ಷಿಸಿದಾಗಲೂ ಅವರಿಗೆ ಹೊಂದಾಣಿಕೆ ಸಿಗಲಿಲ್ಲ. ಅಗಲವಾದ ಬುರುಡೆ, ಪೂರ್ತಿ ಶುದ್ಧವಲ್ಲದ ರೋಹಿತ ಇದಕ್ಕೆ ಕಾರಣವೆನ್ನಬಹುದು. ಬೇರೆ ತರಂಗದೂರದ ಕಿರಣಗಳೂ ಬುರುಡೆಗೆ ತಾಗುತ್ತಿದ್ದವು.

ಸಮಕಾಲೀನರ ಪ್ರತಿಕ್ರಿಯೆಯೂ ಸುಲಭದ್ದಾಗಿರಲಿಲ್ಲ. ಜಾನ್ ಲೆಸ್ಲಿ ಕಾಣದ ಕಿರಣವೆಂಬುದನ್ನೇ ಒಪ್ಪದೆ ಕಟುವಾಗಿ ಟೀಕಿಸಿದರು. ಹೆನ್ರಿ ಎಂಗಲ್‌ಫೀಲ್ಡ್ ಪ್ರಯೋಗವನ್ನು ಮತ್ತೆ ಮಾಡಿ, ಕೆಂಪಿನ ಆಚೆ ಶಾಖವಿರುವುದು ನಿಜವೆಂದು ಖಚಿತಪಡಿಸಿದರು. ಹರ್ಷೆಲ್ ಮತ್ತೆ ಆಕಾಶದ ಕೆಲಸಕ್ಕೆ ಮರಳಿದರು. 1816ರಲ್ಲಿ ನೈಟ್ ಗೌರವ ಬಂತು. ಹೊಸದಾಗಿ ಹುಟ್ಟಿದ ಲಂಡನ್ನಿನ ಖಗೋಳ ಸಂಘದ ಮೊದಲ ಅಧ್ಯಕ್ಷರೆಂದು ಅವರ ಹೆಸರಿತ್ತು. 1822ರ ಆಗಸ್ಟ್ 25ರಂದು ಸ್ಲೋದಲ್ಲಿ, 83ನೆಯ ವಯಸ್ಸಿನಲ್ಲಿ ತೀರಿಕೊಂಡರು.

1830ರ ದಶಕದಲ್ಲಿ ಇಟಲಿಯ ಮೆಲ್ಲೋನಿ ಉಷ್ಣಮಾಪಕಕ್ಕಿಂತ ಬಹಳ ಸೂಕ್ಷ್ಮವಾದ ವಿದ್ಯುತ್ ಸಾಧನದಿಂದ ಶಾಖದ ಕಿರಣಗಳನ್ನು ಅಳೆದರು. ಕಲ್ಲುಪ್ಪಿನ ಹರಳು ಶಾಖ ಕಿರಣಗಳಿಗೆ ಗಾಜಿಗಿಂತ ಎಷ್ಟೋ ಹೆಚ್ಚು ಪಾರದರ್ಶಕವೆಂದು ಕಂಡುಕೊಂಡರು. ಬೆಳಕೂ ಶಾಖದ ಕಿರಣವೂ ಒಂದೇ ಎಂಬುದು ಆ ದಶಕದಿಂದ ಮುಂದಕ್ಕೆ ನಿಧಾನವಾಗಿ ಗಟ್ಟಿಯಾಯಿತು. ಹರ್ಷೆಲ್ ಅವರ ಮಗ ಜಾನ್ ಹರ್ಷೆಲ್ 1840ರಲ್ಲಿ, ಕಪ್ಪು ಮಾಡಿದ ಕಾಗದವನ್ನು ಮದ್ಯಸಾರದಲ್ಲಿ ತೋಯಿಸಿ ಅದರ ಮೇಲೆ ರೋಹಿತ ಬೀಳಿಸಿದರು. ಒಣಗಿದ ಮಚ್ಚೆಗಳ ಗುರುತಿನಿಂದ ಕಾಣದ ಭಾಗದ ಚಿತ್ರ ಪಡೆದರು. ತಂದೆಯ ಅಳತೆಗಳು ಉಳಿದವು, ತೀರ್ಮಾನ ತಿದ್ದುಪಡಿಯಾಯಿತು.

ಇಂದಿನ ಪ್ರಯೋಗಾಲಯದಲ್ಲಿ ಅದೇ ಎರಡು ದಾರಿ

ಕೆಂಪಿನ ಪಕ್ಕದಲ್ಲಿಯೇ ಇರುವ, ಸುಮಾರು 780ರಿಂದ 2500 ನ್ಯಾನೊಮೀಟರ್ ತರಂಗದೂರದ ಭಾಗವನ್ನು ಸಮೀಪದ ಅವಕೆಂಪು ಎನ್ನುತ್ತಾರೆ. ನೀರು, ಪ್ರೋಟೀನ್, ಎಣ್ಣೆ, ಪಿಷ್ಟ ಇವು ಈ ಭಾಗದಲ್ಲಿ ತಮ್ಮ ತಮ್ಮ ತರಂಗದೂರಗಳಲ್ಲಿ ಕಿರಣವನ್ನು ಸ್ವಲ್ಪ ಸ್ವಲ್ಪ ಹೀರುತ್ತವೆ. ಈ ಹೀರಿಕೆಯನ್ನು ಅಳೆದು ಧಾನ್ಯದ ಗುಣ ಹೇಳುವ ವಿಧಾನವನ್ನು 1960ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ಕಾರ್ಲ್ ನಾರಿಸ್ ಬೆಳೆಸಿದರು.

ಘನ ವಸ್ತುವಿನಲ್ಲಿ ಇದನ್ನು ಎರಡು ರೀತಿ ಅಳೆಯಬಹುದು. ಮೊದಲನೆಯದು ಪ್ರತಿಫಲನ. ಗೋಧಿ ಹಿಟ್ಟಿನ ಮೇಲೆ ಬಿದ್ದ ಕಿರಣ ಕಣಗಳ ನಡುವೆ ಹೊಕ್ಕು, ಅಲ್ಲಿ ಇಲ್ಲಿ ಚದುರಿ, ಒಂದಷ್ಟು ಹಿಂದಿರುಗುತ್ತದೆ. ಮಾದರಿಯನ್ನು ಸಿದ್ಧ ಮಾಡುವುದು ಸುಲಭ, ಹಿಂದಿರುಗುವ ಬೆಳಕೂ ಸಾಕಷ್ಟು. ಆದರೆ ಸುದ್ದಿ ಬರುವುದು ಮುಖ್ಯವಾಗಿ ಮೇಲ್ಪದರದಿಂದ. ಹಿಟ್ಟು ನುಣುಪಾದಷ್ಟೂ ಹೆಚ್ಚು ಬೆಳಕು ಹಿಂದಿರುಗುತ್ತದೆ. ಆದ್ದರಿಂದ ಒಂದೇ ಗೋಧಿಯನ್ನು ಒರಟಾಗಿ ಬೀಸಿದರೆ ಒಂದು ಅಳತೆ, ನುಣ್ಣಗೆ ಬೀಸಿದರೆ ಇನ್ನೊಂದು ಅಳತೆ ಬರುತ್ತದೆ.

ಎರಡನೆಯದು ಹಾದುಹೋಗುವಿಕೆ. ಬೀಸದ ಇಡೀ ಕಾಳುಗಳ ಪದರದ ಒಂದು ಬದಿಗೆ ದೀಪ, ಇನ್ನೊಂದು ಬದಿಗೆ ಗ್ರಾಹಕ. ಕಿರಣ ಇಡೀ ದಪ್ಪವನ್ನು ದಾಟಿ ಬರುವುದರಿಂದ ಒಳಗಿನ ಸುದ್ದಿಯೂ ಸಿಗುತ್ತದೆ, ಬೀಸುವ ಕೆಲಸ ತಪ್ಪುತ್ತದೆ. ಆದರೆ ಆಚೆ ತಲುಪುವ ಬೆಳಕು ಬಹಳ ಕಡಿಮೆ. ಹೀರಿಕೆ ಕಡಿಮೆಯಿರುವ, 1100 ನ್ಯಾನೊಮೀಟರ್‌ಗಿಂತ ಚಿಕ್ಕ ತರಂಗದೂರಗಳನ್ನೇ ಇದಕ್ಕೆ ಹೆಚ್ಚಾಗಿ ಆರಿಸುತ್ತಾರೆ. ಪದರದ ದಪ್ಪ ಬದಲಾದರೆ ಅಳತೆಯೂ ಬದಲಾಗುತ್ತದೆ.

ಔಷಧ ಮಾತ್ರೆಯಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಇಡೀ ಮಾತ್ರೆಯಲ್ಲಿ ಔಷಧ ಎಷ್ಟಿದೆ ಎಂದು ತಿಳಿಯಲು ಹಾದುಹೋಗುವಿಕೆ ಹೆಚ್ಚು ಅನುಕೂಲ. ಮೇಲಿನ ಲೇಪನ ಹೇಗಿದೆ ಎಂದು ನೋಡಲು ಪ್ರತಿಫಲನ ಅನುಕೂಲ. ಲೇಪನ ದಪ್ಪವಿದ್ದ ಮಾತ್ರೆಯನ್ನು ಪ್ರತಿಫಲನದಿಂದ ಮಾತ್ರ ಅಳೆದು ಒಳಗಿನ ಔಷಧದ ಪ್ರಮಾಣ ಹೇಳಹೊರಟರೆ ಎಡವುವ ಸಾಧ್ಯತೆ ಇದೆ. ಯಾವ ವಿಧಾನ ಮೇಲು ಎಂದು ಕೇಳುವುದಕ್ಕಿಂತ ನಮ್ಮ ಪ್ರಶ್ನೆ ಯಾವುದು ಎಂದು ಮೊದಲು ಕೇಳಬೇಕು. ಒಂದು ವಿಧಾನಕ್ಕೆ ಸಿದ್ಧಪಡಿಸಿದ ಲೆಕ್ಕದ ಸೂತ್ರವನ್ನು ಇನ್ನೊಂದರ ಅಳತೆಗೆ ಹಚ್ಚುವಂತಿಲ್ಲ. ಹರ್ಷೆಲ್ ಎಡವಿದ್ದೂ ಇಂಥ ಜಾಗದಲ್ಲಿಯೇ, ಬೇರೆ ಬೇರೆ ಅಳತೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದಾಗ.

ಇದರ ಹಿಂದಿನ ಮೂಲ ಅಂಶ ಪ್ರೌಢಶಾಲಾ ಮಕ್ಕಳಿಗೂ ಅರ್ಥವಾಗುವಷ್ಟು ಸರಳ. ಬಿದ್ದ ಕಿರಣ 100 ಪಾಲು ಎಂದುಕೊಂಡರೆ, ಹಿಂದಿರುಗಿದ್ದು, ಹಾದುಹೋದದ್ದು, ಹೀರಿಕೊಂಡದ್ದು ಈ ಮೂರೂ ಸೇರಿ 100 ಆಗಬೇಕು. ಒಂದನ್ನು ಮಾತ್ರ ಅಳೆದು ಉಳಿದೆರಡನ್ನು ಊಹಿಸಲಾಗದು. ಹೆಚ್ಚು ಹಿಂದಿರುಗಿಸದ ವಸ್ತು ಹೆಚ್ಚು ಹಾಯಿಸಿರಬೇಕೆಂದೇನಿಲ್ಲ, ಹೀರಿಕೊಂಡಿರಬಹುದು.

ತರಗತಿಗೆ ತರುವುದು ಹೇಗೆ

ಚಟುವಟಿಕೆ 1: ಪಟ್ಟಕ, ರಟ್ಟಿನ ಪೆಟ್ಟಿಗೆ, ಬುರುಡೆಗೆ ಕಪ್ಪು ಬಳಿದ ಮೂರು ಉಷ್ಣಮಾಪಕಗಳು. ಒಂದು ಕೆಂಪಿನಲ್ಲಿ, ಒಂದು ಕೆಂಪಿನ ಆಚೆ, ಒಂದು ನೆರಳಿನಲ್ಲಿ. ಪ್ರತಿ ನಿಮಿಷ ಓದಿ, ನೆರಳಿನ ಏರಿಕೆಯನ್ನು ಕಳೆದು ಬರೆಯಿರಿ. ಕನಿಷ್ಠ ಮೂರು ಬಾರಿ ಮಾಡಿ, ಉಷ್ಣಮಾಪಕಗಳ ಜಾಗ ಅದಲುಬದಲು ಮಾಡಿ. ಗಾಳಿ ಬೀಸದಂತೆ ನೋಡಿಕೊಳ್ಳಿ. ಸೂರ್ಯನನ್ನು ನೇರವಾಗಿಯಾಗಲಿ ಬಣ್ಣದ ಗಾಜಿನಿಂದಾಗಲಿ ಯಾರೂ ನೋಡಬಾರದೆಂದು ಮೊದಲೇ ಎಚ್ಚರಿಸಿ. ಹರ್ಷೆಲ್ ಮಾಡಿದ್ದು ಅಪಾಯದ ಕೆಲಸ.

ಚಟುವಟಿಕೆ 2: ಟಿವಿ ರಿಮೋಟಿನ ತುದಿಯಿಂದ ಹೊರಡುವುದು ಸಾಮಾನ್ಯವಾಗಿ ಸುಮಾರು 940 ನ್ಯಾನೊಮೀಟರ್‌ನ ಸಮೀಪದ ಅವಕೆಂಪು. ಕೆಲವು ಹೊಸ ರಿಮೋಟ್‌ಗಳು ಬ್ಲೂಟೂತ್‌ನವು, ಅವು ಬೇಡ. ನಿಗದಿತ ದೂರದಲ್ಲಿ ನಿಂತು ರಿಮೋಟಿನ ಮುಂದೆ ನೋಟ್ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಸೇರಿಸಿ. ಎಷ್ಟನೆಯ ಹಾಳೆಗೆ ಟಿವಿ ಪ್ರತಿಕ್ರಿಯೆ ನಿಲ್ಲಿಸಿತು? ಇದು ಹಾದುಹೋಗುವಿಕೆ. ಕಪ್ಪು ಬಟ್ಟೆ, ಬಣ್ಣದ ಹಾಳೆ, ಅಲ್ಯೂಮಿನಿಯಂ ಹಾಳೆಗಳನ್ನೂ ನೋಡಿ.

ಚಟುವಟಿಕೆ 3: ರಿಮೋಟನ್ನು ಟಿವಿಗೆ ಬೆನ್ನಾಗಿ ತಿರುಗಿಸಿ, ನಡುವೆ ರಟ್ಟು ಅಡ್ಡ ಇಟ್ಟು, ಅದೇ ವಸ್ತುಗಳತ್ತ ಗುರಿ ಹಿಡಿಯಿರಿ. ಇದು ಪ್ರತಿಫಲನ. ಗೋಡೆಗಳೂ ಕಿರಣವನ್ನು ಹಿಂದಿರುಗಿಸುವುದರಿಂದ ಮೊದಲು ಏನೂ ಇಡದೆ ಪರೀಕ್ಷಿಸಬೇಕು. ಹರ್ಷೆಲ್ ಪಕ್ಕದಲ್ಲಿಟ್ಟ ಉಷ್ಣಮಾಪಕ ಮಾಡಿದ ಕೆಲಸವನ್ನೇ ಈ ಖಾಲಿ ಪರೀಕ್ಷೆ ಮಾಡುತ್ತದೆ. ಎರಡೂ ಚಟುವಟಿಕೆಗಳ ಫಲಿತಾಂಶವನ್ನು ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಬರೆಸಿ. ಬಣ್ಣ ಹಾಕಿದ ಕೆಲವು ಕಪ್ಪು ಬಟ್ಟೆಗಳು ಸಮೀಪದ ಅವಕೆಂಪನ್ನು ಚೆನ್ನಾಗಿಯೇ ಹಿಂದಿರುಗಿಸುತ್ತವೆ. ಮಕ್ಕಳ ಊಹೆ ಇಲ್ಲಿ ತಪ್ಪಿದರೆ ಪಾಠ ಮುಂದೆ ಹೋಯಿತೆಂದೇ ತಿಳಿಯಿರಿ.

ಅಭ್ಯಾಸ ಬೋಧನೆಯ ದಿನ ಮಾರ್ಗದರ್ಶಕರು ಹಿಂದಿನ ಬೆಂಚಿನಲ್ಲಿ ಕೂತಿರುವಾಗ ಪ್ರಯೋಗ ಪುಸ್ತಕದಂತೆ ಬರಲಿ ಎಂಬ ಆಸೆ ಸಹಜ. ಮೋಡ ಬಂದು ಕೆಂಪಿನ ಆಚೆಯ ಉಷ್ಣಮಾಪಕ ಏರದೇ ಇದ್ದರೆ, ಏರಿತೆಂದು ಹಲಗೆಯ ಮೇಲೆ ಬರೆಯುವ ಒತ್ತಡವೂ ಸಹಜ. ಹಾಗೆ ಬರೆದ ಕ್ಷಣ ಮಕ್ಕಳು ಕಲಿಯುವುದು ಅವಕೆಂಪಿನ ಬಗ್ಗೆ ಅಲ್ಲ, ಉತ್ತರಕ್ಕೆ ತಕ್ಕಂತೆ ಅಳತೆ ತಿದ್ದಬಹುದು ಎಂಬುದನ್ನು. ಹರ್ಷೆಲ್ ತಮಗೆ ಅನುಕೂಲವಲ್ಲದ ಸಂಖ್ಯೆಗಳನ್ನೂ ಹಾಗೆಯೇ ಪ್ರಕಟಿಸಿದರು. ಆದ್ದರಿಂದಲೇ ಅವರ ತೀರ್ಮಾನ ಬಿದ್ದ ಬಳಿಕವೂ ಅವರ ಅಳತೆಗಳನ್ನು ಬೇರೆಯವರು ಮತ್ತೆ ಓದಿ ಅರ್ಥ ಮಾಡಿಕೊಳ್ಳಲು ಸಾಧ್ಯವಾಯಿತು. ಕಂಡದ್ದನ್ನು ಬರೆಯಲು ಒಂದು ಕಾಲಂ, ಅದರಿಂದ ಊಹಿಸಿದ್ದನ್ನು ಬರೆಯಲು ಇನ್ನೊಂದು ಕಾಲಂ ಎಂದು ಮಕ್ಕಳ ಪ್ರಯೋಗ ಪುಸ್ತಕದಲ್ಲಿ ಗೆರೆ ಹಾಕಿಸಿದರೆ ಈ ಜೀವನ ಚರಿತ್ರೆಯ ಮುಖ್ಯ ಪಾಠ ತರಗತಿಗೆ ಬಂದಂತೆ.

ಚರ್ಚೆಗೆ ಪ್ರಶ್ನೆಗಳು

1. ಪಕ್ಕದಲ್ಲಿಟ್ಟ ಉಷ್ಣಮಾಪಕಗಳಿಲ್ಲದೆ ಹರ್ಷೆಲ್ ತಮ್ಮ ಫಲಿತಾಂಶವನ್ನು ನಂಬಬಹುದಿತ್ತೇ? ಏಕೆ?

2. ಯುರೇನಸ್ ಮತ್ತು ಶಾಖದ ಕಿರಣ, ಈ ಎರಡು ಪ್ರಸಂಗಗಳಲ್ಲಿ ವೀಕ್ಷಣೆ ಯಾವುದು, ತೀರ್ಮಾನ ಯಾವುದು? ಕೋಷ್ಟಕ ಮಾಡಿ.

3. ಒಂದು ಹಾಳೆ ಬಿದ್ದ ಕಿರಣದಲ್ಲಿ 60 ಪಾಲು ಹಿಂದಿರುಗಿಸಿ 25 ಪಾಲು ಹಾಯಿಸಿದರೆ ಹೀರಿಕೊಂಡದ್ದು ಎಷ್ಟು? 60 ಮಾತ್ರ ಗೊತ್ತಿದ್ದರೆ ಉಳಿದದ್ದನ್ನು ಹೇಳಬಹುದೇ?

4. ನಿಮ್ಮ ಪಾಠದ ದಿನ ಪ್ರಯೋಗದ ಫಲಿತಾಂಶ ಪುಸ್ತಕಕ್ಕೆ ವಿರುದ್ಧವಾಗಿ ಬಂದರೆ, ಆ ಅವಧಿಯ ಉಳಿದ 20 ನಿಮಿಷವನ್ನು ಹೇಗೆ ಬಳಸುತ್ತೀರಿ? ಪಾಠ ಯೋಜನೆಯ ರೂಪದಲ್ಲಿ ಬರೆಯಿರಿ.